ಇಡ್ಲಿ ಪಾತ್ರೆಯೊಳಗಿನ ಹ್ಯಾಟು

ನಮ್ಮಣ್ಣನ ತಲೆ ಅವನ ಹ್ಯಾಟಿಗಿಂತ ಒಂದು ಇಂಚು ಚಿಕ್ಕದು. ಇದು ತಂಗಿಯ ಹೊಟ್ಟೆಕಿಚ್ಚಿನ ಮಾತಲ್ಲ, ಟೇಪು ಹಿಡಿದು ಅಳೆದ ಮಾತು. ಎಲ್ಲರೂ ತಲೆ ಇದ್ದಷ್ಟು ಟೋಪಿ ಕೊಳ್ಳುತ್ತಾರೆ. ಇವನೊಬ್ಬ ಟೋಪಿ ಇದ್ದಷ್ಟು ತಲೆ ಬೆಳೆದೀತು ಎಂದು ಕಾಯುತ್ತಿರುವ ಮನುಷ್ಯ. ಎಪ್ಪತ್ತೊಂಬತ್ತು ವರ್ಷವಾಯಿತು, ಬೆಳೆದಿಲ್ಲ. ಇನ್ನು ಬೆಳೆಯುವ ಸೂಚನೆಯೂ ಕಾಣುತ್ತಿಲ್ಲ.

ಹ್ಯಾಟೆಂದರೆ ಬಿಸಿಲಿಗೆ ಹಾಕುವ ಬಟ್ಟೆಯ ಟೋಪಿಯಲ್ಲ. ಅಪ್ಪಟ ಫೆಲ್ಟ್ ಹ್ಯಾಟು. ನೇಯ್ದದ್ದಲ್ಲ, ಹೊಲಿದದ್ದಲ್ಲ, ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ, ಒತ್ತಿ, ಉಜ್ಜಿ, ಮತ್ತೆ ಒತ್ತಿ ಗಟ್ಟಿ ಮಾಡಿದ್ದು. ಬೂದಿ ಬಣ್ಣ, ಸುತ್ತ ಕರಿ ರಿಬ್ಬನ್ನು, ಮುಂದೆ ಎರಡು ಬೆರಳಿನಿಂದ ಚಿವುಟಿದಂಥ ತಗ್ಗು. ಊಟಿಯಲ್ಲಿ ಹಾಕಲಿ, ಒಪ್ಪುತ್ತೇನೆ. ಹೊಸಪೇಟೆಯಲ್ಲಿ? ಏಪ್ರಿಲ್ ತಿಂಗಳಲ್ಲಿ? ಬೀದಿನಾಯಿಗಳು ಕೂಡ ಕಾಲುವೆಗೆ ಇಳಿದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುವ ಹೊತ್ತಿನಲ್ಲಿ ನಮ್ಮಣ್ಣ ತಲೆಯ ಮೇಲೆ ಕಂಬಳಿಯಂಥದ್ದನ್ನು ಹೊತ್ತು ಮಾರ್ಕೆಟ್ಟಿಗೆ ಹೊರಡುತ್ತಾನೆ. ಹ್ಯಾಟು ದೊಡ್ಡದಾದ್ದರಿಂದ ಕಿವಿಯ ಮೇಲೆ ಕೂರುತ್ತದೆ. ಕೂರಬಾರದೆಂದು ಒಳಗಿನ ಚರ್ಮದ ಪಟ್ಟಿಯ ಹಿಂದೆ ನ್ಯೂಸ್‌ಪೇಪರನ್ನು ಉದ್ದಕ್ಕೆ ಮಡಿಸಿ ತುರುಕುತ್ತಾನೆ. ಬೆವರಿಗೆ ಪೇಪರು ತೊಯ್ದು ಶಾಯಿ ಇಳಿಯುತ್ತದೆ. ಮಧ್ಯಾಹ್ನ ಮನೆಗೆ ಬಂದು ಹ್ಯಾಟು ತೆಗೆದನೆಂದರೆ, ವಿಭೂತಿಯ ಮೂರು ಗೆರೆಗಳ ಮೇಲೆ ಅವತ್ತಿನ ಹೆಡ್‌ಲೈನು. ಅದೂ ತಿರುಗಾಮುರುಗಾ.

ಹ್ಯಾಟಿನ ಹುಚ್ಚು ನಮ್ಮ ಮನೆಗೆ ಹೊಸದೇನಲ್ಲ. ಅಪ್ಪ ಕಾಲುವೆಯ ಓವರ್ಸಿಯರ್ ಆಗಿದ್ದರು, ಅವರಿಗೂ ಒಂದು ಇಂಥದೇ ಹ್ಯಾಟಿತ್ತು. ಆದರೆ ಅಪ್ಪನಿಗೆ ಒಂದು ಪರ್ಸನಾಲಿಟಿ ಇತ್ತು. ಆರಡಿ ಎತ್ತರ, ಅಗಲ ಮುಖ. ಅವರು ಹ್ಯಾಟು ಹಾಕಿದರೆ ಹ್ಯಾಟಿಗೇ ಒಂದು ಮರ್ಯಾದೆ. ಅವರು ಹೋದ ಮೇಲೆ ಆ ಹ್ಯಾಟು ಟ್ರಂಕಿನಲ್ಲಿ ನುಸಿ ತಿಂದು ರಿಬ್ಬನ್ನಷ್ಟೇ ಉಳಿಯಿತಂತೆ. ಆಮೇಲೆ ನಮ್ಮಣ್ಣ ತನಗೆಂದು ಈ ಹ್ಯಾಟನ್ನು ಪೋಸ್ಟಿನಲ್ಲಿ ತರಿಸಿದ. ಸೈಜು ತಪ್ಪಿತು. ವಾಪಸ್ ಕಳಿಸಿದರೆ ತನ್ನ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ! ಇಟ್ಟುಕೊಂಡ. ಇದು ನಮ್ಮ ಮನೆಯವರೆಲ್ಲ ಎಷ್ಟೋ ವರ್ಷದಿಂದ ನಂಬಿಕೊಂಡು, ಬಂದ ನೆಂಟರಿಗೆಲ್ಲ ಹೇಳಿ ನಗಿಸಿಕೊಂಡು ಬಂದ ಚರಿತ್ರೆ.

ಹ್ಯಾಟಿನ ಆಕಾರ ಕೆಡದಿರಲೆಂದು ರಾತ್ರಿ ಅದನ್ನು ಕವುಚಿಡಲು ಒಂದು ಮರದ ಅಚ್ಚೂ ಇದೆ. ಕಂಪ್ಲಿಯ ಬಡಿಗೇರರೊಬ್ಬರಿಂದ ಮಾಡಿಸಿದ್ದು, ಬೇವಿನ ಮರದ್ದು. ನಾವು ಅದಕ್ಕೆ ‘ಮರದ ತಲೆ’ ಎಂದು ಹೆಸರಿಟ್ಟಿದ್ದೇವೆ. ಅದೂ ಹ್ಯಾಟಿನಷ್ಟೇ ದೊಡ್ಡದು. ಅದಷ್ಟೇ ಅಲ್ಲ, ಹಿಂಬದಿಯಲ್ಲಿ ಬಲಗಡೆಗೆ ಒಂದು ಗಂಟನ್ನು ಬಡಿಗೇರರು ಹಾಗೇ ಬಿಟ್ಟಿದ್ದಾರೆ, ಉಜ್ಜುಗೊರಡು ತಾಗಿಸಿಯೇ ಇಲ್ಲ. “ಒಂದ್ ಗಂಟು ಕೆತ್ತಾಕ ಬರಲಾರ್ದ ಬಡಿಗೇರು, ಅಂಥವ್ರನ್ನ ಹುಡುಕ್ಕೊಂಡು ಕಂಪ್ಲೀತನಕ ಹೋಗಿದ್ರು ನೋಡು ಇವ್ರು” ಎಂದು ಅತ್ತಿಗೆ ಈಗಲೂ ಹೇಳುತ್ತಾಳೆ. ಅಣ್ಣ ಆ ಮಾತಿಗೆ ಯಾವತ್ತೂ ಜವಾಬು ಕೊಟ್ಟವನಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಹತ್ತೊಂಬತ್ತು ದಿನದಿಂದ ಆ ಹ್ಯಾಟು ಅವನ ತಲೆಯ ಮೇಲಿಲ್ಲ. ಕಾರಣ ನಾನು. ಹ್ಯಾಟಿಲ್ಲದೆ ಅವನು ಮನೆಯ ಗೇಟು ದಾಟುವವನಲ್ಲ. ಹತ್ತೊಂಬತ್ತು ದಿನದಿಂದ ದಾಟಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಾನೆ. ರಸ್ತೆ ಅವನನ್ನು ನೋಡುತ್ತದೆ, ಗುರುತು ಹಿಡಿಯುವುದಿಲ್ಲ.

ಗಂಡ ತೀರಿಕೊಂಡ ಮೇಲೆ ನಾನು ಬಂದು ಅಣ್ಣನ ಮನೆಯ ಹಿಂದಿನ ರೂಮಿನಲ್ಲಿ ನೆಲೆಸಿ ಆರು ವರ್ಷವಾಯಿತು. ಬಂದ ಮೊದಲ ದಿನವೇ ನನಗೆ ಹ್ಯಾಟಿನ ಎಟಿಕೆಟ್ ಕಲಿಸಿದ. ಬಳ್ಳಾರಿ ಕಾನ್ವೆಂಟಿನಲ್ಲಿ ಫೋರ್ಕು ಚಾಕು ಹಿಡಿಯುವುದನ್ನು ಕಲಿತವಳಿಗೆ ಎಟಿಕೆಟ್!

“ಹಂಗ ಮೂಗು ಹಿಡದು ಎತ್ತಬ್ಯಾಡ ತಂಗೀ. ಅಂಚು ಹಿಡದು ಎತ್ತು, ಎರಡೂ ಕೈಲೆ.”

“ಮೂಗು ಎಲ್ಲೈತಿ ಇದಕ್ಕ?”

“ಮುಂದ ಚಿವುಟಿದ್ದು ಐತೆಲ್ಲ, ಅದ. ಅಲ್ಲಿ ಹಿಡದ್ರ ಸೀಳ್ತೈತಿ.”

ಹಾಸಿಗೆಯ ಮೇಲೆ ಇಡಬಾರದು. ಮೊಳೆಗೆ ನೇತುಹಾಕಬಾರದು. ಮೇಜಿನ ಮೇಲೆ ಇಡುವುದಾದರೆ ಅಂಗಾತ ಇಡಬೇಕು, ಇಲ್ಲದಿದ್ದರೆ ಅಂಚು ಚಪ್ಪಟೆಯಾಗುತ್ತದೆ. ಬ್ರಷ್ ಮಾಡುವಾಗ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು. ಒಮ್ಮೆ ನಾನು ಮುಳ್ಳಿನ ದಿಕ್ಕಿಗೇ ಬ್ರಷ್ ಎಳೆದೆ. ಅಣ್ಣ ಎದ್ದು ನಿಂತು, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ. ಐ ಮಸ್ಟ್ ಸೇ, ಈ ಮನುಷ್ಯ ತನ್ನ ಮೂರು ಮಕ್ಕಳ ತಲೆಯನ್ನು ಒಂದು ಸಲವೂ ಬಾಚಿದವನಲ್ಲ.

ಹಂಪಿಗೆ ಹೋದರೆ ಅವನ ಮೆರವಣಿಗೆ ಬೇರೆ. ಹೋದ ಚಳಿಗಾಲ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಕಲ್ಲು ಮಂಟಪದ ನೆರಳಲ್ಲಿ ಅಣ್ಣ ಕೂತಿದ್ದ. ಒಬ್ಬ ವಿದೇಶಿ ಹೆಂಗಸು ಬಂದು, ನಿಮ್ಮ ಹ್ಯಾಟು ಬಹಳ ಚೆನ್ನಾಗಿದೆ ಅಂದಳು. ಪಾಪ, ಸೌಜನ್ಯಕ್ಕೆ ಅಂದಿದ್ದು. ಅಣ್ಣ ಹ್ಯಾಟು ತೆಗೆದು, ಅಂಚು ಹಿಡಿದು, ತನ್ನ ಕಾಲುವೆ ಆಫೀಸಿನ ಇಂಗ್ಲಿಷಿನಲ್ಲಿ ಶುರುಮಾಡಿದ. ಉಣ್ಣೆ ಯಾಕೆ ಕುಗ್ಗುತ್ತದೆ, ಉಗಿಗೆ ಯಾಕೆ ಹಿಗ್ಗುತ್ತದೆ, ಅಂಚನ್ನು ಹೇಗೆ ತಿರುವಬೇಕು. ಅವಳ ಗುಂಪು ತೆಪ್ಪ ಹತ್ತಿ ನದಿಯ ಆಚೆ ದಡ ಸೇರಿತು. ಅವಳು ಇನ್ನೂ ಈಚೆ ದಡದಲ್ಲೇ ಇದ್ದಳು. ಕೊನೆಗೆ ಅವಳು, ಈ ಊರು ಹೇಗೆ ಹಾಳಾಯಿತು ಎಂದು ಕೇಳಿದಳು. “ವಾರ್” ಅಂದ ಅಣ್ಣ. ಒಂದು ಸಾಮ್ರಾಜ್ಯಕ್ಕೆ ಒಂದೇ ಪದ. ಹ್ಯಾಟಿನ ಅಂಚಿಗೆ ಮುಕ್ಕಾಲು ಗಂಟೆ.

ಶನಿವಾರ ಉಗಿಯ ದಿನ. ಫೆಲ್ಟಿಗೆ ಬಿಸಿ ಉಗಿ ತಾಗಿದರೆ ಮೆತ್ತಗಾಗುತ್ತದೆ. ಆಗ ಬೇಕಾದ ಹಾಗೆ ತಿದ್ದಿ ಅಚ್ಚಿನ ಮೇಲೆ ಕೂರಿಸಿದರೆ ಆರಿದ ಮೇಲೆ ಹಾಗೇ ನಿಲ್ಲುತ್ತದೆ. ಉಗಿ ಎಲ್ಲಿಂದ ಬರಬೇಕು? ಅತ್ತಿಗೆಯ ಇಡ್ಲಿ ಪಾತ್ರೆಯಿಂದ. ಬೆಳಿಗ್ಗೆ ಇಡ್ಲಿ ಇಳಿದ ಪಾತ್ರೆಯಲ್ಲಿ ಹತ್ತು ಗಂಟೆಗೆ ಹ್ಯಾಟು ಏರುತ್ತದೆ. “ಈ ಮನ್ಯಾಗ ನಾನು ಇಬ್ಬರಿಗೆ ಬೇಸ್ತೀನವ್ವಾ, ಗಂಡಗೊಂದು ಸಲ, ಗಂಡನ ಟೋಪಿಗೊಂದು ಸಲ” ಎನ್ನುತ್ತಾಳೆ ಅತ್ತಿಗೆ. ಅವಳ ದೂರು ಹ್ಯಾಟಿನ ಮೇಲಲ್ಲ, ಇಡ್ಲಿಯ ಮೇಲೆ: ಭಾನುವಾರದ ಇಡ್ಲಿಗೆ ತೊಯ್ದ ಕುರಿಯ ವಾಸನೆ ಬರುತ್ತದಂತೆ.

ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದದ್ದೂ ಒಂದು ಶನಿವಾರವೇ. ಹೇಳದೆ ಕೇಳದೆ ಒಂದು ತಾಸು ಮುಂಚೆ ಬಂದರು. ಪಾತ್ರೆಯಿಂದ ಬುಸುಬುಸು ಉಗಿ. ಗಂಡಿನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು, “ಬಿಡ್ರಿ, ನಮ್ ಸಲುವಾಗಿ ಯಾಕ ತ್ರಾಸ, ಆದ್ರ ಇಡ್ಲಿ ಅಂದ್ರ ನಮ್ಮನಿಯವ್ರು ಭಾಳ ಪ್ರೀತಿಲೆ ತಿಂತಾರ” ಅಂದರು. ಅತ್ತಿಗೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಆಕೆ ತಾವೇ ಮುಂದೆ ಬಂದು, ಮನೆಯವಳಂತೆ ಸಲುಗೆಯಿಂದ ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಮತ್ತೆ ಮೆಲ್ಲಗೆ ಮುಚ್ಚಳ ಮುಚ್ಚಿ, “ಇನ್ನ ಬೆಂದಿಲ್ರಿ” ಅಂದು ಹೊರಗೆ ಹೋದರು. ಸಂಬಂಧ ಆಯಿತು. ಅಂಥ ಬೀಗಿತ್ತಿ ಪುಣ್ಯಕ್ಕೆ ಸಿಗಬೇಕು.

ಇನ್ನು ಬೆಲ್ಲದ ಪ್ರಸಂಗ. ವರ್ಷಗಳ ಉಗಿಗೆ ಹ್ಯಾಟಿನ ಅಂಚು ಹಳೆಯ ಪಾಪಡಿಯಂತೆ ಜೋತುಬಿತ್ತು. ಅದಕ್ಕೆ ಗಂಜಿ ಕೊಡಬೇಕು. ಕಂಬಳಿ ನೇಯುವವರು ಹುಣಸೆಬೀಜ ಹುರಿದು, ಬೀಸಿ, ಕುದಿಸಿ ಗಂಜಿ ಹಚ್ಚುವುದನ್ನು ಅಣ್ಣ ನೋಡಿಕೊಂಡು ಬಂದ. ಅಲ್ಲಿಗೇ ನಿಲ್ಲಿಸಿದ್ದರೆ ಅವನು ನಮ್ಮಣ್ಣ ಹೇಗಾದಾನು? ಮೂವತ್ತೈದು ವರ್ಷ ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಇದ್ದವನು. ಆ ಆಫೀಸಿನವರಿಗೆಲ್ಲ ಒಂದು ಹೆಮ್ಮೆ: ನಮ್ಮ ಡ್ಯಾಂ ಸಿಮೆಂಟಿಲ್ಲದೆ ನಿಂತಿದೆ, ಬರೀ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆ. ಗಾರೆಯಿಂದ ಅವನ ತಲೆ ಹಳೆ ಕಾಲದ ಗೌಂಡಿಗಳತ್ತ ಹೋಯಿತು.

“ಹಿಂದಿನ ಮಂದಿ ಗಾರಿಗೆ ಬೆಲ್ಲ ಹಾಕ್ತಿದ್ರು. ಅದಕ್ಕ ಕಲ್ಲಿನಂಗ ನಿಂತಾವ ಗ್ವಾಡಿ. ಗ್ವಾಡಿಗೆ ಆಗಿದ್ದು ಟೋಪಿಗ್ಯಾಕ ಆಗೂದಿಲ್ಲ?”

“ಗ್ವಾಡಿ ಹಾಕ್ಕೊಂಡು ಯಾರೂ ತಿರಗಾಡೂದಿಲ್ಲ ಅಣ್ಣಾ” ಅಂದೆ.

ಹಾಕಿದ. ಹುಣಸೆಬೀಜದ ಗಂಜಿಗೆ ಒಂದು ಅಚ್ಚು ಬೆಲ್ಲ. ಅಂಚು ನಿಜಕ್ಕೂ ಕಲ್ಲಿನಂತೆ ನಿಂತಿತು, ಬಡಿದರೆ ಟಣ್ ಎನ್ನುವ ಹಾಗೆ. ಎರಡು ದಿನ ಅವನು ನಮ್ಮನ್ನೆಲ್ಲ ಕರುಣೆಯಿಂದ ನೋಡಿದ. ಮೂರನೆಯ ದಿನ ಮಠದಲ್ಲಿ ಪ್ರವಚನ. ಹ್ಯಾಟನ್ನು ತೆಗೆದು, ನಿಯಮದ ಪ್ರಕಾರ ಅಂಗಾತ, ಪಕ್ಕದ ಚಾಪೆಯ ಮೇಲೆ ಇಟ್ಟ. ಸ್ವಾಮಿಗಳು ಮೋಹದ ಬಗ್ಗೆ ಮಾತಾಡುತ್ತಿದ್ದರು. ಮುಗಿದ ಮೇಲೆ ಎತ್ತಿ ತಲೆಗೇರಿಸಿದ. ಅಷ್ಟರಲ್ಲಿ ಮಠದ ಇರುವೆಗಳೆಲ್ಲ ಒಳಗೆ ಸೇರಿದ್ದವು. ಕೆಂಪಿರುವೆ. ಎಪ್ಪತ್ತು ದಾಟಿದ ಮನುಷ್ಯ ಅಷ್ಟು ಎತ್ತರಕ್ಕೆ ಹಾರಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಭಕ್ತಿ ಉಕ್ಕಿತೆಂದು ತಿಳಿದು ಇಬ್ಬರು ಹೆಂಗಸರು ಕೈ ಮುಗಿದರು.

ಅದೇ ವಾರ ದರೋಜಿಗೆ ಕರಡಿ ನೋಡಲು ಹೋಗಿದ್ದೆವು. ಅಲ್ಲಿ ಕರಡಿಗಳು ಹೊರಗೆ ಬರಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರಂತೆ. ಅದನ್ನು ವಿವರಿಸುತ್ತಿದ್ದ ಕಾವಲುಗಾರ ಮಧ್ಯದಲ್ಲಿ ಮಾತು ನಿಲ್ಲಿಸಿ ಅಣ್ಣನ ಹತ್ತಿರ ಬಂದು ಮೂಸಿದ. “ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಈ ಟೋಪಿ ಹಾಕ್ಕೊಂಡು ನೀವು ಗಾಡಿ ಬಿಟ್ಟು ಇಳೀಬ್ಯಾಡ್ರಿ.” ಅವತ್ತು ಮರಿ ಕಟ್ಟಿಕೊಂಡ ಎರಡು ಕರಡಿ ಬಂದವು. ಅಣ್ಣ ಮಾತ್ರ ಜೀಪಿನ ಗಾಜು ಏರಿಸಿ, ಹ್ಯಾಟನ್ನು ಸೀಟಿನ ಕೆಳಗೆ ಮುಚ್ಚಿಟ್ಟು, ನೆಲ ನೋಡುತ್ತ ಕೂತಿದ್ದ.

ಇಷ್ಟು ಸಹಿಸಿದ ಹ್ಯಾಟು ನನ್ನ ಕೈಯಲ್ಲಿ ಸತ್ತಿತು.

ಸಂಡೂರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಅಣ್ಣ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮುಂದೆ ಸಾಲುಗಟ್ಟಿ ಹೋಗುತ್ತಿದ್ದ ಅದಿರಿನ ಲಾರಿಗಳ ಧೂಳನ್ನೆಲ್ಲ ಹ್ಯಾಟಿಗೆ ತುಂಬಿಸಿಕೊಂಡು ಬಂದ. ಬೂದಿ ಬಣ್ಣದ ಹ್ಯಾಟು ಇಟ್ಟಿಗೆಯಂತಾಗಿತ್ತು. ಬ್ರಷ್ ಮಾಡಿದ, ಕೊಡವಿದ. ಹೋಗಲಿಲ್ಲ. “ಬಿಡು, ಮುಂದಿನ ವಾರ ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಬಂದು ನೋಡ್ತೀನಿ. ನೀನು ಮುಟ್ಟಬ್ಯಾಡ. ನೀರು ಆಗೂದಿಲ್ಲ ಅದಕ್ಕ” ಎಂದು ಹೇಳಿ, ಬೇರೆ ದಾರಿಯಿಲ್ಲದೆ ಬರೀ ತಲೆಯಲ್ಲೇ ಪೊರೆ ತೆಗೆಸಲು ಹೋದ. ಅವನ ಜೊತೆಗೆ ಮಗ ಇದ್ದ. ಮನೆಯಲ್ಲಿ ನಾನು, ಅತ್ತಿಗೆ, ಇಟ್ಟಿಗೆ ಬಣ್ಣದ ಹ್ಯಾಟು.

ಕಾನ್ವೆಂಟು ಒಬ್ಬ ಹೆಣ್ಣುಮಗಳಿಗೆ ಏನು ಕಲಿಸುತ್ತದೆ? ಕೊಳೆ ಎಂದರೆ ಪಾಪ. ಮದರ್ ಸುಪೀರಿಯರ್ ನಮ್ಮ ಉಗುರು ನೋಡಿ ನಮ್ಮ ಆತ್ಮದ ಸ್ಥಿತಿ ಹೇಳುತ್ತಿದ್ದರು. ಕಾನ್ವೆಂಟು ಬಿಟ್ಟು ಅರವತ್ತು ವರ್ಷವಾದರೂ ನನಗೆ ಕೊಳೆ ಕಂಡರೆ ಕೈ ತುರಿಸುತ್ತದೆ. ಅಣ್ಣನಿಗೆ ಸರ್ಪ್ರೈಸ್ ಕೊಡೋಣ ಅನಿಸಿತು. ಹ್ಯಾಟನ್ನು ವಾಷಿಂಗ್ ಮಷೀನಿಗೆ ಹಾಕಿದೆ. ಸಂಡೂರಿನ ಮಣ್ಣು ತಣ್ಣೀರಿಗೆ ಬಗ್ಗುತ್ತದೆಯೇ? ಅತಿ ಬಿಸಿಗೆ ತಿರುಗಿಸಿದೆ. ಸೋಪಿನ ಪುಡಿ ಎರಡು ಚಮಚ.

ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಉಣ್ಣೆ ಗಟ್ಟಿಯಾಗುತ್ತದೆ ಎಂದು ಈ ಪ್ರಬಂಧದ ಎರಡನೆಯ ಪ್ಯಾರಾದಲ್ಲೇ ಹೇಳಿದ್ದೇನಲ್ಲ? ಗಟ್ಟಿಯಾಗುವುದೆಂದರೆ ಕುಗ್ಗುವುದು ಎಂದು ನನಗೆ ಗೊತ್ತಾದದ್ದು ಮಷೀನಿನ ಬಾಗಿಲು ತೆಗೆದ ಮೇಲೆ.

ಅತ್ತಿಗೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. “ಯವ್ವಾ, ಇದು ಯಾರ ಕೂಸಿನ ಕುಲಾಯಿ?”

ನಿಜಕ್ಕೂ ಕುಲಾಯಿಯೇ. ಆರು ತಿಂಗಳ ಮಗುವಿಗೆ ಕಟ್ಟಿ ತೊಟ್ಟಿಲಿಗೆ ಹಾಕಬಹುದಿತ್ತು. ಚರ್ಮದ ಪಟ್ಟಿ ಹಪ್ಪಳದಂತೆ ಸುರುಟಿ ಕಿತ್ತು ಬಂದಿತ್ತು. ನ್ಯೂಸ್‌ಪೇಪರು ಹಿಟ್ಟಾಗಿ ಎಲ್ಲ ಕಡೆ ಮೆತ್ತಿತ್ತು. ಬಣ್ಣ ಮಾತ್ರ ಸ್ವಚ್ಛ ಬೂದಿ, ಹೊಸದರಂತೆ. ಮದರ್ ಸುಪೀರಿಯರ್ ಇದ್ದಿದ್ದರೆ ಮೆಚ್ಚುತ್ತಿದ್ದರು.

ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಕುರ್ಚಿಯಲ್ಲಿ ಕೂತು ಮೊದಲು ಕೇಳಿದ್ದೇ, “ಟೋಪಿ ಎಲ್ಲೈತಿ?”

ಕೈಯಲ್ಲಿ ಇಟ್ಟೆ. ಕಣ್ಣು ಇನ್ನೂ ಮಬ್ಬು, ಬೆರಳಿನಿಂದಲೇ ಸವರಿದ. ಒಂದು ಸುತ್ತು. ಇನ್ನೊಂದು ಸುತ್ತು.

“ಕುದಿಸಿದಿ?”

“ತೊಳದೆ.”

“ಹೂಂ.”

ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಮನೆತನದಲ್ಲಿ ಬೈಗುಳಕ್ಕೇನೂ ಬರಗಾಲವಿಲ್ಲ. ಅವನು ಎದ್ದು ರೂಮಿಗೆ ಹೋಗಿ ಮಂಚದ ಮೇಲೆ ಕೂತ. ಮಡಿಲಲ್ಲಿ ಕುಲಾಯಿ. ಮಗ ಫೋನಿನಲ್ಲಿ ಹತ್ತು ಹ್ಯಾಟು ತೋರಿಸಿ, “ಅಪ್ಪಾ, ಯಾವುದು ಬೇಕು ಹೇಳು, ನಾಳೆನಾಡಿದ್ದರಾಗ ಮನಿಗೆ ಬರ್ತೈತಿ” ಅಂದ. ಅಣ್ಣ ತಲೆ ಅಲ್ಲಾಡಿಸಿದ. ನನಗೆ ಸಿಟ್ಟು ಬಂತು, ಅಪರಾಧಿಗಳಿಗೆ ಬರುವ ಸಿಟ್ಟು. ಒಂದು ಟೋಪಿಗೆ ಇಷ್ಟು ಡ್ರಾಮಾವೇ?

ನಾಲ್ಕನೆಯ ದಿನ ಅವನೇ ಕರೆದ. “ಡಾಕ್ಟ್ರು ಬಗ್ಗಬ್ಯಾಡ, ಉಗಿ ಮುಂದ ನಿಂದ್ರಬ್ಯಾಡ ಅಂದಾರ, ತಿಂಗಳತನಕ. ನೀನ ಮಾಡು. ಕೈ ನಿಂದು, ಬಾಯಿ ನಂದು.”

ಹೀಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದೆ. ಕುಲಾಯಿಯನ್ನು ಇಡ್ಲಿ ಪಾತ್ರೆಯಲ್ಲಿ ಮೆತ್ತಗೆ ಮಾಡುವುದು, ಕೈ ಸುಟ್ಟುಕೊಳ್ಳುತ್ತ ಹೊರಗೆಳೆಯುವುದು, ಏನಾದರೂ ಒಂದರ ಮೇಲೆ ಏರಿಸಿ ಹೆಬ್ಬೆರಳಿನಿಂದ ಸುತ್ತಲೂ ಎಳೆಯುವುದು, ಆರಲು ಬಿಡುವುದು. ಮರದ ತಲೆಯ ಮೇಲೆ ಏರುವ ಮಾತೇ ಇರಲಿಲ್ಲ. ಮೊದಲು ತೆಂಗಿನಕಾಯಿ. ಎರಡು ದಿನಕ್ಕೆ ಅದು ಸಡಿಲಾಯಿತು. ಆಮೇಲೆ ಪೂಜೆಯ ತಂಬಿಗೆ. ಅತ್ತಿಗೆ ಗೊಣಗುತ್ತಲೇ ಕೊಟ್ಟಳು. ಆಮೇಲೆ ಮೊಸರಿನ ಗಡಿಗೆ. ಆಮೇಲೆ ಹಾಲಿನ ಪಾತ್ರೆ. ಅಡುಗೆಮನೆಯ ಕಟ್ಟೆಯ ಮೇಲೆ ದಿನಕ್ಕೊಂದು ಪಾತ್ರೆ ಹ್ಯಾಟು ಹಾಕಿಕೊಂಡು ಜಂಬದಿಂದ ಕೂತಿರುತ್ತಿತ್ತು. ಅಣ್ಣ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, “ಜಲ್ದಿ ಮಾಡಬ್ಯಾಡ. ಹರದ್ರ ಮುಗೀತು. ಒಂದ ಕಡೆ ಎಳೀಬ್ಯಾಡ” ಎನ್ನುತ್ತಿದ್ದ. ನನ್ನ ಹೆಬ್ಬೆರಳುಗಳು ಬದನೆಕಾಯಿಯಂತಾದವು.

ಮೊನ್ನೆ ಶುಕ್ರವಾರ ಹಾಲಿನ ಪಾತ್ರೆಯಿಂದ ಇಳಿಸಿ ಅಂಚು ಹಿಡಿದು ತಂದು ಅಣ್ಣನ ತಲೆಯ ಮೇಲೆ ಇಟ್ಟೆ. ಕೂತಿತು. ಕಿವಿಯ ಮೇಲಲ್ಲ, ಹಣೆಯ ಮೇಲೆ, ಇರಬೇಕಾದ ಜಾಗದಲ್ಲಿ. ಪೇಪರಿಲ್ಲ, ಪಟ್ಟಿಯಿಲ್ಲ, ನೆಟ್ಟಗೆ. ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿಬಂದಳು.

“ಅಯ್ಯ, ಈಗ ಕುಂತೈತಿ ನೋಡ್ರಿ! ಇಷ್ಟ್ ವರ್ಷಕ್ಕ ನಿಮ್ ತಲೀಗೆ ಸರಿ ಆತು. ಆ ಮಷೀನಿಗೆ ಒಂದು ಕಾಯಿ ಒಡೀರಿ. ಹೋಗ್ರಿ, ಮಾರ್ಕೆಟ್ಟಿಗೆ ಹೋಗಿ ಬರ್ರಿ, ಮಂದಿ ನಿಮ್ ದಾರಿ ಕಾಯಾಕತ್ತಾರ.”

ಅಣ್ಣ ಕನ್ನಡಿ ನೋಡಲಿಲ್ಲ. ಅಂಚು ಹಿಡಿದು ಹ್ಯಾಟನ್ನು ಒಂದು ಸುತ್ತು ತಿರುಗಿಸಿದ, ತೆಗೆದ, ನನ್ನ ಕೈಗೆ ಕೊಟ್ಟ.

“ಇದು ನನ್ ತಲೀಗೆ ಆಗೈತಿ.”

“ಮತ್ತ? ಯಾರ ತಲೀಗೆ ಆಗಬೇಕಿತ್ತು?”

“ಇನ್ನ ಒಂದ್ ಇಂಚು ಐತಿ. ಕಂಪ್ಲಿ ಅಚ್ಚು ತಗಿ.”

ಆಗ ನಾನು ಅಂದ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬರೆಯುತ್ತೇನೆ. “ನಿನ್ ತಲಿಯಾಗ ಏನೂ ಇಲ್ಲಂತ ಊರಿಗೆಲ್ಲ ಗೊತ್ತೈತಿ ಅಣ್ಣಾ. ಅದನ್ನ ದೊಡ್ಡ ಟೋಪಿ ಹಾಕ್ಕೊಂಡು ಯಾಕ ತೋರಸ್ಕೋತ ತಿರಗ್ತಿ?” ಅಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ನಾಳೆ ಶನಿವಾರ” ಅಂದ. “ಮೊದ್ಲು ಅಚ್ಚಿಗೆ ಎಣ್ಣಿ ಉಜ್ಜು. ಬ್ಯಾಸಗಿಗೆ ಮರ ಒಣಗಿರ್ತೈತಿ, ಉಗಿಗೆ ಬಿರುಕು ಬಿಡ್ತೈತಿ. ಉಜ್ಜಿ, ಒರಸಿ, ಅರಿವಿ ಸುತ್ತಿ ಆಮ್ಯಾಲ ಟೋಪಿ ಏರಸು.”

ಶನಿವಾರ ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಮರದ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ಆರು ವರ್ಷದಿಂದ ಅದನ್ನು ನೋಡಿ ನಕ್ಕಿದ್ದೇನೆ. ಮುಟ್ಟಿದ್ದು ಅವತ್ತೇ ಮೊದಲು. ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಇನ್ನೂ ಸಿಟ್ಟಿನಲ್ಲೇ, ಗರಗರ ಉಜ್ಜತೊಡಗಿದೆ. ನೆತ್ತಿ, ಹಣೆ, ಎಡಗಡೆ, ಹಿಂದೆ. ಹಿಂದಿನಿಂದ ಬಲಕ್ಕೆ ಬರುವಾಗ ನನ್ನ ಬೆರಳುಗಳು ತಾವಾಗಿಯೇ ನಿಧಾನವಾದವು.

ನಾನು ನಿಧಾನ ಮಾಡಿದ್ದಲ್ಲ. ಬೆರಳುಗಳಿಗೆ ಅಲ್ಲಿ ನಿಧಾನ ಮಾಡಿ ರೂಢಿಯಿತ್ತು.

ಕಾನ್ವೆಂಟಿಗೆ ಹೋಗುವ ಮುಂಚೆ, ಭಾನುವಾರ ಅಪ್ಪನ ತಲೆಗೆ ಎಣ್ಣೆ ಹಚ್ಚುವ ಕೆಲಸ ನನ್ನದು. ಅವರು ಮೆಟ್ಟಿಲ ಮೇಲೆ ಕೂರುತ್ತಿದ್ದರು, ನಾನು ಮೇಲಿನ ಮೆಟ್ಟಿಲಲ್ಲಿ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಅವರ ತಲೆಯ ಹಿಂದೆ, ಬಲಗಡೆಗೆ, ಒಂದು ಗಂಟು ಉಳಿದುಬಿಟ್ಟಿತ್ತು. ನಮ್ಮಿಬ್ಬರಿಗೂ ಅದೊಂದು ಆಟ: ನೆತ್ತಿ ಎಂದರೆ ಹೊಸಪೇಟೆ, ಆ ಗಂಟು ಸಂಡೂರಿನ ಗುಡ್ಡ, ನನ್ನ ಕೈ ಬಸ್ಸು. ಕೈ ಅಲ್ಲಿಗೆ ಬಂದರೆ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು: “ಗುಡ್ಡ ಬಂತು, ನಿಧಾನ. ಬಸ್ಸಿಗೆ ವಯಸ್ಸಾಗೈತಿ.”

ಎಣ್ಣೆ ಕೈಯಲ್ಲೇ ಎದ್ದು ವರಾಂಡಕ್ಕೆ ಹೋದೆ.

“ಅಣ್ಣಾ, ಇದು ಅಪ್ಪನ ತಲಿ.”

ಅವನು ರಸ್ತೆ ನೋಡುತ್ತಲೇ ಇದ್ದ. “ಹೂಂ. ಅವ್ರು ಹೋದ್ ದಿನಾನ ಅವರ ಟೋಪಿಯೊಳಗ ಹಸಿ ಜೇಡಿಮಣ್ಣು ತುಂಬಿ ಇಟ್ಟಿದ್ದೆ. ಆರಿದ ಮ್ಯಾಲ ಒಯ್ದು ಕಂಪ್ಲಿಯವ್ರಿಗೆ ಕೊಟ್ಟೆ. ಹ್ಯಾಂಗೈತಿ ಹಂಗ ಮಾಡು, ಗಂಟು ತಗೀಬ್ಯಾಡ ಅಂದಿದ್ದೆ. ಛಲೋ ಮಾಡಿಕೊಟ್ರು, ಪಾಪ. ಟೋಪಿನ್ನ ನುಸಿ ತಿಂತು. ಅಚ್ಚು ಉಳೀತು. ಅಚ್ಚಿಗೆ ಆಗೂವಂಥ ಟೋಪಿ ತರಿಸಿದೆ.”

“ಇಷ್ಟ್ ವರ್ಷ ಒಂದ್ ಮಾತು ಹೇಳಾಕ ಏನಾಗಿತ್ತು ನಿನಗ?”

“ನೀವು ಎಲ್ಲಿ ಕೇಳಿದ್ರಿ? ನಕ್ಕೀರಿ” ಅಂದ. ಸಿಟ್ಟಿನಿಂದ ಅಂದದ್ದಲ್ಲ. ಲೆವೆಲ್ ಪುಸ್ತಕದಲ್ಲಿ ಕಾಲುವೆಯ ಆಳ ಓದಿ ಹೇಳುವಂತೆ ಹೇಳಿದ.

ನನಗೆ ಏನಾದರೂ ಹೇಳಬೇಕಿತ್ತು. ಕಾನ್ವೆಂಟಿನಲ್ಲಿ ‘ಸಾರಿ’ ಹೇಳುವುದನ್ನು ಬಹಳ ಚೆನ್ನಾಗಿ ಕಲಿಸುತ್ತಾರೆ. ನೆಲದ ಮೇಲೆ ಕಣ್ಣು, ಕೈ ಹಿಂದೆ. ನನ್ನ ಕೈಗಳಲ್ಲಿ ಎಣ್ಣೆ ಇತ್ತು. ಹಿತ್ತಿಲಿಗೆ ಬಂದು ಅಚ್ಚನ್ನು ಒರೆಸಿ, ಅರಿವೆ ಸುತ್ತಿ, ಅಡುಗೆಮನೆಗೆ ಒಯ್ದೆ. ಅತ್ತಿಗೆ ಎಲ್ಲ ಕೇಳಿಸಿಕೊಂಡಿದ್ದಳು. ಇಡ್ಲಿ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟು, ಆಮೇಲೆ ಮೆಲ್ಲಗೆ, “ಆ ಬಡಿಗೇರನ್ನ ಎಷ್ಟ್ ಬೈದೀನಿ ನಾನು” ಅಂದಳು.

ಹ್ಯಾಟು ಅವತ್ತು ಪೂರ್ತಿ ಇಳಿಯಲಿಲ್ಲ. ಅರ್ಧ ಇಂಚು ಉಳಿದಿದೆ. ಹೊಸ ಚರ್ಮದ ಪಟ್ಟಿ ಹೊಲಿಸಬೇಕು. ಹಿಂದಿನ ಗಂಟಿನ ಹತ್ತಿರ ಫೆಲ್ಟು ತೆಳ್ಳಗಾಗಿದೆ, ಅಲ್ಲಿ ಬಲ ಹಾಕುವಂತಿಲ್ಲ. ಈಗ, ಇದನ್ನು ಬರೆಯುತ್ತಿರುವಾಗ, ಪಾತ್ರೆಯಿಂದ ತೊಯ್ದ ಕುರಿಯ ವಾಸನೆ ಬರುತ್ತಿದೆ. ಹೊರಗೆ ವರಾಂಡದಲ್ಲಿ ಅಣ್ಣ ಇವತ್ತಿನ ಪೇಪರನ್ನು ಓದದೆ, ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಮಡಿಸಿ ತೊಡೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದಾನೆ. ಹ್ಯಾಟು ದೊಡ್ಡದಾದ ಮೇಲೆ ಬೇಕಾಗುತ್ತದಲ್ಲ.

“ಎಲ್ಲಿಗೆ ಬಂತು?” ಎಂದು ಅಲ್ಲಿಂದಲೇ ಕೇಳುತ್ತಾನೆ.

“ಗುಡ್ಡ ಬಂತು” ಅನ್ನುತ್ತೇನೆ.

“ನಿಧಾನ” ಅನ್ನುತ್ತಾನೆ.